ಆಡಿನ ಬಾಣಂತನ

ಕಳೆದ ವರ್ಷ ಏಳನೆಯ ತರಗತಿಯಲ್ಲಿ ಕ್ರಿಯಾಪದಗಳ ಪಾಠ ನಡೆದಿದ್ದಾಗ ‘ಈಯು’ ಎಂಬ ಧಾತುವನ್ನು ಹಲಗೆಯ ಮೇಲೆ ಬರೆದೆನು. ಅದರ ಅರ್ಥವನ್ನು ಬಲ್ಲವರು ಇಡೀ ತರಗತಿಯಲ್ಲಿ ಇಬ್ಬರೇ. ಹೆಂಗಸು ಹೆರುತ್ತಾಳೆ, ಆಡು ಈಯುತ್ತದೆ. ಮುಂಬಯಿಯಲ್ಲಿ ಹುಟ್ಟಿ, ಚೀಲದ ಹಾಲು ಕುಡಿದು ಬೆಳೆದ ನಿಮಗೆ ಈ ಮಾತು ಅಪರಿಚಿತವಾದರೆ ಅದು ನಿಮ್ಮ ತಪ್ಪಲ್ಲ. ಆದರೆ ನಿಮ್ಮಲ್ಲಿ ಅನೇಕರು ಬೇಸಗೆಯ ರಜೆಗೆ ವಿಜಯಪುರ, ಕಲಬುರಗಿಗಳ ಕಡೆ ಅಜ್ಜನ ಮನೆಗೆ ಹೋಗತಕ್ಕವರು. ಅಲ್ಲಿಯ ಹಿತ್ತಿಲಲ್ಲಿ ಒಂದೆರಡು ಆಡುಗಳಿರುವುದುಂಟು. ನೀವಿರುವಾಗಲೇ ಅವುಗಳಲ್ಲೊಂದು ಈಯಬಹುದು. ಆ ಹೊತ್ತಿಗೆ ಏನು ಮಾಡತಕ್ಕದ್ದೆಂಬುದೇ ಈ ಪಾಠದ ವಿಷಯ.

ಆಡನ್ನು ‘ಬಡವರ ಹಸು’ ಎನ್ನುವರು. ಹಾಲು ಕುಡಿಯುವುದಿಲ್ಲವೆಂದು ವ್ರತ ತೊಟ್ಟಿದ್ದ ಗಾಂಧೀಜಿಯವರು ಕಠಿಣ ಕಾಯಿಲೆಯಿಂದ ಕೃಶರಾಗಿದ್ದಾಗ ಕಸ್ತೂರಬಾ ಅವರ ಮಾತಿನಂತೆ ಆಡಿನ ಹಾಲನ್ನು ಸ್ವೀಕರಿಸಿದ ಸಂಗತಿಯನ್ನು ನೀವು ಓದಿರುವಿರಿ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಉಸ್ಮಾನಾಬಾದಿ ತಳಿ. ಈಗ ಧಾರಾಶಿವವೆಂದು ಹೆಸರಾಗಿರುವ ಉಸ್ಮಾನಾಬಾದ್ ಜಿಲ್ಲೆಯೇ ಇದರ ತವರು. ಮೈ ಬಹುಮಟ್ಟಿಗೆ ಕಪ್ಪು. ಅವಳಿ ಮರಿಗಳನ್ನು ಈಯುವುದು ಸಾಮಾನ್ಯ. ದಿನಕ್ಕೆ ಒಂದು ಲೀಟರಿನ ಆಸುಪಾಸು ಹಾಲು ಕೊಟ್ಟರೆ ಒಳ್ಳೆಯ ಆಡೆಂದೇ ಹೇಳಬೇಕು. ಜಮುನಾಪಾರಿ, ಬೀಟಲ್ ತಳಿಗಳು ಇದಕ್ಕಿಂತ ಹೆಚ್ಚು ಹಾಲು ಕೊಡುವುವಾದರೂ ಬರದ ನಾಡಿನಲ್ಲಿ ಬಾಳುವ ಗಟ್ಟಿತನ ನಮ್ಮ ಕರಿಯ ಆಡಿಗೇ ಹೆಚ್ಚೆಂದು ನನ್ನ ಅಭಿಪ್ರಾಯ.

ಆಡು ಗಬ್ಬವಾದ ಮೇಲೆ ಈಯುವುದಕ್ಕೆ ಸುಮಾರು 150 ದಿನಗಳು ಬೇಕು. ಗರ್ಭದೊಳಗಿನ ಮರಿ ಬಹುಭಾಗ ಬೆಳೆಯುವುದು ಕೊನೆಯ ಎರಡು ತಿಂಗಳುಗಳಲ್ಲಿಯೇ. ಆದುದರಿಂದ ಆ ಅವಧಿಯಲ್ಲಿ ಹಾಲು ಕರೆಯುವುದನ್ನು ನಿಲ್ಲಿಸಿ, ಸೊಪ್ಪು ಮೇವಿನ ಜೊತೆಗೆ ಜೋಳದ ನುಚ್ಚು, ಹಿಂಡಿಗಳನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಬೇಕು. ಒಮ್ಮೆಗೇ ಬುಟ್ಟಿಗಟ್ಟಲೆ ಕಾಳು ಸುರಿದರೆ ಹೊಟ್ಟೆ ಹುಳಿತು ಆಡು ಸಾಯುವ ಸಂಭವವಿದೆ. ಕರುಳುಬೇನೆಯ ಚುಚ್ಚುಮದ್ದನ್ನು ಈಯುವುದಕ್ಕೆ ಒಂದು ತಿಂಗಳು ಮುಂಚೆ ಹಾಕಿಸಿದರೆ ಅದರ ಫಲ ಗಿಣ್ಣಿನ ಮೂಲಕ ಮರಿಗೂ ದೊರೆಯುತ್ತದೆ.

ದಿನ ಹತ್ತಿರವಾದಂತೆ ಕೆಚ್ಚಲು ಬಿಗಿದು ಹೊಳೆಯುತ್ತದೆ. ಬಾಲದ ಬುಡದ ಎರಡೂ ಬದಿಗೆ ತಗ್ಗು ಬೀಳುತ್ತದೆ. ಆಡು ಹಿಂಡನ್ನು ಬಿಟ್ಟು ಮೂಲೆ ಸೇರುತ್ತದೆ, ಕಾಲಿನಿಂದ ನೆಲ ಕೆರೆಯುತ್ತದೆ, ಮಲಗಿ ಏಳುತ್ತದೆ. ಆಗ ಒಣ ಹುಲ್ಲು ಹಾಸಿದ, ಗಾಳಿ ಬೀಸದ ಸ್ಥಳದಲ್ಲಿ ಅದನ್ನು ಬಿಟ್ಟು ನಾವು ದೂರದಲ್ಲಿ ಸುಮ್ಮನೆ ಕುಳಿತಿರಬೇಕು. ಸುಮ್ಮನೆ ಕುಳಿತಿರುವುದೇ ಕಷ್ಟದ ಕೆಲಸ! ಮೊದಲು ನೀರಿನ ಚೀಲ, ಬಳಿಕ ಎರಡು ಮುಂಗಾಲುಗಳು, ಅವುಗಳ ಮೇಲೆ ಒರಗಿದ ಮೂತಿ ಕಾಣಿಸಿದರೆ ಎಲ್ಲವೂ ಸರಿಯಾಗಿದೆಯೆಂದು ತಿಳಿಯಬೇಕು. ಅವಸರದಿಂದ ಎಳೆಯಕೂಡದು. ಜೋರಾಗಿ ತಿಣುಕಲಾರಂಭಿಸಿ ಅರ್ಧ ಗಂಟೆಯಾದರೂ ಮರಿ ಮುಂದೆ ಬಾರದಿದ್ದರೆ, ಇಲ್ಲವೆ ತಲೆಯಿಲ್ಲದೆ ಕಾಲು ಮಾತ್ರ ಕಂಡರೆ, ಪಶುವೈದ್ಯರನ್ನು ಕರೆಯಬೇಕು. 1962 ಎಂಬ ದೂರವಾಣಿ ಸಂಖ್ಯೆ ಇದಕ್ಕಾಗಿಯೇ ಇದೆ.

ಮರಿ ಬಿದ್ದೊಡನೆ ಮೂಗುಬಾಯಿಗಳ ಲೋಳೆಯನ್ನು ಒರಸಿ ತಾಯಿಯ ಮುಂದಿಡಬೇಕು. ತಾಯಿ ನೆಕ್ಕಿದಂತೆ ಅದರ ಮೈಯಲ್ಲಿ ಬಿಸಿ ಹುಟ್ಟುತ್ತದೆ. ಹೊಕ್ಕುಳ ಬಳ್ಳಿಯ ತುದಿಯನ್ನು ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಇನ್ನುಳಿದುದು ಗಿಣ್ಣು. ಇಲ್ಲಿ ನನ್ನ ಮನೆಯದೇ ಒಂದು ಸಂಗತಿಯನ್ನು ಹೇಳುವೆನು.

ನಾನು ಐದನೆಯ ತರಗತಿಯಲ್ಲಿದ್ದಾಗ ಮಾಗಿಯ ಒಂದು ರಾತ್ರಿ ನಮ್ಮ ಆಡು ಒಂದು ಹೆಣ್ಣುಮರಿಯನ್ನು ಈಯಿತು. ಮಾಸು ಬೀಳುವ ತನಕ ಮರಿಗೆ ಮೊಲೆ ಕೊಡಬಾರದೆಂಬುದು ಅಜ್ಜಿಯ ಕಟ್ಟಳೆ. ಊರಿನ ಕಟ್ಟಳೆಯೂ ಅದೇ. ಮರಿ ತಡವರಿಸುತ್ತ ಕೆಚ್ಚಲ ಬಳಿಗೆ ಹೋದಾಗಲೆಲ್ಲ ಅದನ್ನು ಹಿಂದಕ್ಕೆ ಎಳೆದು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಡುರಾತ್ರಿಯಾಯಿತು, ಮಾಸು ಬೀಳಲಿಲ್ಲ. ಬೆಳಗಿನ ಜಾವಕ್ಕೆ ಬಿದ್ದಾಗ ಮರಿಗೆ ಚೀಪುವ ಶಕ್ತಿಯೇ ಉಳಿದಿರಲಿಲ್ಲ. ಅದರ ಬಾಯೊಳಗೆ ಬೆರಳಿಟ್ಟು ನೋಡಿದೆನು, ತಣ್ಣಗಿತ್ತು. ಮಧ್ಯಾಹ್ನದೊಳಗೆ ಸತ್ತುಹೋಯಿತು.

ಮರುದಿನ ಬಂದ ಪಶುವೈದ್ಯರು ಕೋಪಿಸಿಕೊಳ್ಳದೆ ಅಜ್ಜಿಗೆ ತಿಳಿಯಹೇಳಿದರು. ಆಡಿನ ಮರಿ ರೋಗಗಳನ್ನು ತಡೆಯುವ ಶಕ್ತಿಯನ್ನು ಗರ್ಭದಲ್ಲಿ ಪಡೆಯಲಾರದು. ಅದೆಲ್ಲ ಬರುವುದು ಗಿಣ್ಣಿನಿಂದ. ಆ ಸತ್ವವನ್ನು ಹೀರಿಕೊಳ್ಳುವ ಬಲ ಕರುಳಿಗೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ಆ ಬಾಗಿಲು ಮುಚ್ಚಿಹೋಗುತ್ತದೆ. ಇನ್ನೂ ವಿಚಿತ್ರವಾದುದೆಂದರೆ, ಮರಿ ಚೀಪಿದಾಗಲೇ ತಾಯಿಯ ಗರ್ಭಕೋಶ ಮುದುಡಿ ಮಾಸು ಬೀಳುವುದಕ್ಕೆ ಅನುಕೂಲವಾಗುತ್ತದೆ. ಯಾವುದಕ್ಕಾಗಿ ನಾವು ಕಾದೆವೋ ಅದನ್ನು ತರಬಲ್ಲ ಮರಿಯನ್ನೇ ನಾನು ಹಿಡಿದು ನಿಂತಿದ್ದೆನು. ಮುಂದಿನ ಸಲ ಆಡು ಅವಳಿ ಈದಾಗ ಅಜ್ಜಿಯೇ ಒಂದೆರಡು ಧಾರೆ ಕರೆದು ಚೆಲ್ಲಿ, ಮರಿಗಳ ಬಾಯಿಗೆ ಮೊಲೆಯನ್ನಿಟ್ಟಳು.

ಆದುದರಿಂದ ಮೊದಲ ಒಂದು ಗಂಟೆಯೊಳಗೆ ಮರಿ ಗಿಣ್ಣು ಕುಡಿಯಲೇಬೇಕು. ಮೊದಲ ದಿನದಲ್ಲಿ ಅದರ ತೂಕದ ಹತ್ತನೆಯ ಒಂದು ಪಾಲಿನಷ್ಟು ಗಿಣ್ಣು ಹೊಟ್ಟೆಗೆ ಸೇರಬೇಕು. ಎರಡು ಕಿಲೋ ತೂಗುವ ಮರಿಗೆ ಇದು ಸುಮಾರು 200 ಮಿಲಿಲೀಟರ್. ಪೇಟೆಯಲ್ಲಿ ನೀವು ‘ಖರವಸ’ ಎಂದು ತಿನ್ನುವುದೂ ಗಿಣ್ಣೇ, ಹಸು ಎಮ್ಮೆಗಳದು. ಮರಿಗಳ ಹೊಟ್ಟೆ ತುಂಬಿದ ಮೇಲೆ ಉಳಿದುದಷ್ಟೇ ನಮ್ಮದು.

ಮಾಸು ಅರ್ಧ ದಿನದಲ್ಲಿ ಬೀಳದಿದ್ದರೆ ಜಗ್ಗದೆ ವೈದ್ಯರಿಗೆ ತೋರಿಸಬೇಕು. ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ಬಸುರಿಯರಂತೂ ಹತ್ತಿರ ಹೋಗಬಾರದು. ಹಸಿ ಹಾಲನ್ನು ಕುಡಿಯಬಾರದು. ಮಾಲ್ಟಾ ದ್ವೀಪದ ಜ್ವರಕ್ಕೆ ಕಾರಣವಾದ ಜೀವಾಣುವನ್ನು ಡೇವಿಡ್ ಬ್ರೂಸ್ 1887ರಲ್ಲಿ ಬೇರ್ಪಡಿಸಿದನು. ಅದು ಆಡುಗಳಲ್ಲಿದ್ದು ಅವುಗಳ ಹಾಲಿನಿಂದ ಹರಡುತ್ತದೆಂಬುದು ಗೊತ್ತಾದದ್ದು 1905ರಲ್ಲಿ ಜಾಮಿತ್ ಎಂಬ ವೈದ್ಯನು ಆಡುಗಳ ರಕ್ತವನ್ನು ಪರೀಕ್ಷಿಸಿದ ಮೇಲೆ. ಕಾಯಿಸಿದರೆ ಆ ಭಯವಿಲ್ಲ.

ಆಡಿನ ಹಾಲು ನಾರುತ್ತದೆಂದು ಮೂಗು ಮುರಿಯುವವರುಂಟು. ಹೋತವನ್ನು ದೂರ ಕಟ್ಟಿ, ಕೆಚ್ಚಲು ತೊಳೆದು, ಶುಚಿಯಾದ ಪಾತ್ರೆಯಲ್ಲಿ ಕರೆದು, ಕೂಡಲೆ ಕಾಯಿಸಿದ ಹಾಲನ್ನು ಅವರು ಒಮ್ಮೆ ಕುಡಿದು ನೋಡಲಿ.