ಲೋಕದ ಕಣ್ಣೆದುರಿನಲ್ಲಿ ಕಸ್ತೂರಬಾ

ಜನನಾಯಕನ ಕೈಹಿಡಿಯುವುದು ದೊಡ್ಡ ಭಾಗ್ಯವೆಂದು ಲೋಕವು ಬಗೆಯುವುದುಂಟು. ಆದರೆ ಅಂತಹ ಗೃಹಿಣಿಯ ಮನೆಗೆ ಗೋಡೆಗಳೇ ಇಲ್ಲ. ಒಳಮನೆಯ ಮಾತೂ ಊರಿನ ಮಾತಾಗುತ್ತದೆ. ಈ ಬಾಳಿನ ಕಷ್ಟವನ್ನೂ ಹಿರಿಮೆಯನ್ನೂ ನಾವು ಕಸ್ತೂರಬಾ ಗಾಂಧಿಯವರ ಚರಿತ್ರೆಯಿಂದ ಚೆನ್ನಾಗಿ ಅರಿಯಬಹುದು.

1869ರಲ್ಲಿ ಪೋರಬಂದರಿನಲ್ಲಿ ಜನಿಸಿದ ಅವರಿಗೆ ಬಾಲ್ಯದಲ್ಲಿಯೇ ವಿವಾಹವಾಯಿತು. 1901ರಲ್ಲಿ ದಂಪತಿಗಳು ದಕ್ಷಿಣ ಆಫ್ರಿಕೆಯನ್ನು ಬಿಟ್ಟು ಹೊರಟಾಗ ಅಲ್ಲಿನ ಭಾರತೀಯರು ಬಾ ಅವರಿಗೆ 50 ಗಿನಿ ಬೆಲೆಯ ಚಿನ್ನದ ಹಾರವನ್ನು ಕಾಣಿಕೆಯಾಗಿ ಇತ್ತರು. ಕಾಣಿಕೆಗಳೆಲ್ಲವೂ ಸಮಾಜದ ಸ್ವತ್ತೆಂದು ಗಾಂಧೀಜಿ ನಿಶ್ಚಯಿಸಿದರು. ಹಗಲಿರುಳು ತಾವು ಮನೆಯಲ್ಲಿ ದುಡಿದುದು ಸೇವೆಯಲ್ಲವೇ ಎಂದು ಬಾ ಕಣ್ಣೀರಿಟ್ಟು ಕೇಳಿದರು. ಕಡೆಗೆ ಹಾರವು ಸಾರ್ವಜನಿಕ ನಿಧಿಗೆ ಸೇರಿತು. ಈ ಪ್ರಸಂಗವನ್ನು ಗಾಂಧೀಜಿ ಆತ್ಮಕಥೆಯಲ್ಲಿ ಬರೆದುದರಿಂದ ಮನೆಯ ವಾದವು ಜಗತ್ತೇ ಓದುವ ಪಾಠವಾಯಿತು. 1929ರಲ್ಲಿ ಬಾ ತಮ್ಮ ಬಳಿ ಇರಿಸಿಕೊಂಡಿದ್ದ ಅಲ್ಪ ಹಣದ ಸಂಗತಿಯನ್ನೂ ಅವರು ಪತ್ರಿಕೆಯಲ್ಲಿ ಪ್ರಕಟಿಸಿದರು. ಹರಿಜನರಿಗೆ ಪ್ರವೇಶವಿಲ್ಲದಿದ್ದ ಪುರಿಯ ಜಗನ್ನಾಥ ದೇವಾಲಯವನ್ನು ಬಾ 1938ರಲ್ಲಿ ಹೊಕ್ಕಾಗ, ಆ ನೋವನ್ನೂ ಸಭೆಯಲ್ಲಿಯೇ ತೋಡಿಕೊಂಡರು. ನಾಯಕನು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವಾಗ ಪತ್ನಿಯೂ ಅದೇ ಒರೆಗಲ್ಲಿಗೆ ಸಿಲುಕುವಳೆಂಬುದು ಇದರಿಂದ ವಿದಿತವಾಗುತ್ತದೆ.

ಹಾಗೆಂದು ಬಾ ಕೇವಲ ಪತಿಯ ನೆರಳಾಗಿದ್ದರೆಂದು ಎಣಿಸಲಾಗದು. 1913ರಲ್ಲಿ ದಕ್ಷಿಣ ಆಫ್ರಿಕೆಯ ನ್ಯಾಯಾಲಯವೊಂದು ಕ್ರೈಸ್ತ ವಿಧಿಯಂತೆ ನಡೆಯದ ವಿವಾಹಗಳಿಗೆ ಮಾನ್ಯತೆಯಿಲ್ಲವೆಂದು ತೀರ್ಪಿತ್ತಿತು. ಇತರ ಸ್ತ್ರೀಯರೊಡನೆ ಸತ್ಯಾಗ್ರಹದ ಮಾತನಾಡುತ್ತಿದ್ದ ಪತಿಯನ್ನು, ಸೆರೆಮನೆಗೆ ಹೋಗಲು ತಮ್ಮಲ್ಲಿ ಏನು ಕೊರತೆಯಿದೆಯೆಂದು ಬಾ ಕೇಳಿದರು. ಹೋಗಿ ಮೂರು ತಿಂಗಳ ಕಠಿಣ ಶಿಕ್ಷೆಯನ್ನು ಅನುಭವಿಸಿದರು. 1942ರ ಆಗಸ್ಟ್ 9ರ ಮುಂಜಾನೆ ಮುಂಬಯಿಯಲ್ಲಿ ಗಾಂಧೀಜಿ ಬಂಧಿತರಾದಾಗ, ಅಂದಿನ ಶಿವಾಜಿ ಪಾರ್ಕಿನ ಸಭೆಯಲ್ಲಿ ತಾವು ಮಾತನಾಡಲು ಸಿದ್ಧರಾಗಿ, ಬಾ ತಾವೂ ಬಂಧನಕ್ಕೊಳಗಾದರು. ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿಯೇ 1944ರ ಫೆಬ್ರವರಿ 22ರಂದು ದೇಹವನ್ನು ಬಿಟ್ಟರು.

ಅಹಿಂಸೆಯ ಪಾಠವನ್ನು ತಾವು ಪತ್ನಿಯಿಂದ ಕಲಿತುದಾಗಿ ಗಾಂಧೀಜಿಯೇ ಹೇಳಿದ್ದುಂಟು. ಮಹಾಪುರುಷರ ತ್ಯಾಗವನ್ನು ಓದುವಾಗ ವಿದ್ಯಾರ್ಥಿಗಳಾದ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಆ ತ್ಯಾಗದಲ್ಲಿ ಮನೆಯವರ ಪಾಲೆಷ್ಟು? ಹಾರವನ್ನು ಕೊಟ್ಟವರು ಗಾಂಧೀಜಿಯೆಂದು ಲೋಕವು ನೆನೆಯುತ್ತದೆ. ಅದು ಯಾರ ಕೊರಳಿನದೆಂಬುದನ್ನು ನಾವು ಮರೆಯದಿರೋಣ.