ಕ್ಯಾರಿಯರ್ ಕೂರಿಸುವ ಮೊದಲು ಪಾಲಿಸಿ ತೆಗೆದು ನೋಡಿ

ಏಳು ಸೀಟಿನ ಗಾಡಿಯಲ್ಲಿ ಏಳೂ ಜನ ಕೂತರೆ ಡಿಕ್ಕಿಯಲ್ಲಿ ಎರಡು ಬ್ಯಾಗಿಗೂ ಜಾಗ ಉಳಿಯುವುದಿಲ್ಲ. ಹಾಗಾಗಿ ಧರ್ಮಸ್ಥಳಕ್ಕೋ ತಿರುಪತಿಗೋ ಹೊರಡುವ ಕುಟುಂಬ ಕಾರಿನ ನೆತ್ತಿಯ ಮೇಲೊಂದು ಕ್ಯಾರಿಯರ್ ಕೂರಿಸಲು ಯೋಚಿಸುವುದು ಸಹಜ. ಆಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಪೊಲೀಸರು ಹಿಡಿಯುತ್ತಾರಾ, ಆರ್‌ಟಿಓದವರು ದಂಡ ಹಾಕುತ್ತಾರಾ? ಕೇಳಬೇಕಾದದ್ದೇ, ಆದರೆ ಇದು ಸಣ್ಣ ನಷ್ಟದ ಪ್ರಶ್ನೆ. ದಂಡ ಎಷ್ಟೇ ಆದರೂ ಸಾವಿರದ ಲೆಕ್ಕದಲ್ಲಿ ಮುಗಿಯುತ್ತದೆ. ವಕೀಲ ವೃತ್ತಿಯಲ್ಲಿ ನಾನು ಕಂಡಂತೆ, ಕಕ್ಷಿದಾರರು ಲಕ್ಷದ ಲೆಕ್ಕದಲ್ಲಿ ಕಳೆದುಕೊಳ್ಳುವುದು ಅಪಘಾತವಾದ ಮೇಲೆ, ವಿಮಾ ಕಂಪನಿಯ ಸರ್ವೇಯರ್ ಗ್ಯಾರೇಜಿಗೆ ಬಂದು ಮೇಲ್ಛಾವಣಿಯ ಫೋಟೊ ತೆಗೆದುಕೊಂಡು ಹೋದ ನಂತರ. ಆ ನಷ್ಟ ತಪ್ಪಿಸಲು ಬೇಕಾದದ್ದು ಒಂದು ಬಿಲ್ಲು, ಒಂದು ಪತ್ರ, ಚಲನ್ ಓದುವಷ್ಟು ತಾಳ್ಮೆ. ಆರ್‌ಟಿಓ ಕಚೇರಿಯ ಹೆದರಿಕೆಯಲ್ಲಿ ಜನ ಬ್ರೋಕರ್ ಕೈಗೆ ದುಡ್ಡು ಕೊಟ್ಟು ಬರುತ್ತಾರೆ, ಈ ಮೂರನ್ನು ಮಾತ್ರ ಮರೆಯುತ್ತಾರೆ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ಬೇಗ ಮುಗಿಸೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದಿಂದ ಬಂದಿದ್ದ ಕೆ. ಜಯಚಂದ್ರ ಪ್ರಕರಣದಲ್ಲಿ ಈ ಮಾತನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ 182ಎ(4) ಎಂಬ ಹೊಸ ಕಲಂ ತಂದಿತು: ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಇದನ್ನು ಓದಿದವರು ಕ್ಯಾರಿಯರೇ ಅಪರಾಧ ಎಂದುಕೊಳ್ಳುತ್ತಾರೆ. ಆದರೆ 52ನೇ ಕಲಮಿನ ಕೊನೆಯಲ್ಲೊಂದು ವಿವರಣೆ ಇದೆ, ಅದನ್ನು ರಸ್ತೆಯಲ್ಲಿ ಯಾರೂ ಓದಿ ಹೇಳುವುದಿಲ್ಲ. ಮಾರ್ಪಾಡು ಎಂದರೆ ವಾಹನದ ರಚನೆಯಲ್ಲೇ ಆಗುವ, ಅದರ ಮೂಲ ಲಕ್ಷಣವನ್ನು ಬದಲಿಸುವ ಬದಲಾವಣೆ. ತಯಾರಕರೇ ಬಿಟ್ಟಿರುವ ಜಾಗದಲ್ಲಿ ಕ್ಲ್ಯಾಂಪು ಬಿಗಿದು, ಊರಿಗೆ ಬಂದ ಮೇಲೆ ಸ್ಪ್ಯಾನರ್ ಹಿಡಿದು ಬಿಚ್ಚಿಡುವ ಕ್ಯಾರಿಯರ್ ಯಾವ ರಚನೆಯನ್ನೂ ಬದಲಿಸುವುದಿಲ್ಲ. ನಿಮ್ಮ ಆರ್‌ಸಿ ತೆಗೆದು ನೋಡಿ: ಇಂಧನ, ಸೀಟಿನ ಸಂಖ್ಯೆ, ಬಾಡಿಯ ಬಗೆ, ಬಣ್ಣ, ಖಾಲಿ ತೂಕ. ಬಿಚ್ಚಿಡಬಹುದಾದ ಕ್ಯಾರಿಯರ್ ಇವುಗಳಲ್ಲಿ ಒಂದನ್ನೂ ಸುಳ್ಳಾಗಿಸದು.

ಖಾಲಿ ತೂಕದ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಕಾಯ್ದೆಯ ವ್ಯಾಖ್ಯೆಯಲ್ಲಿ, ವಾಹನದ ಜತೆ ಸಾಮಾನ್ಯವಾಗಿ ಬಳಸುವ ಎಲ್ಲ ಸಲಕರಣೆಯ ತೂಕವೂ ಖಾಲಿ ತೂಕದೊಳಗೆ ಬರುತ್ತದೆ. ಆರ್‌ಸಿಯಲ್ಲಿರುವ ಖಾಲಿ ತೂಕ ಮೀರಿದ ವಾಹನವನ್ನು ಓಡಿಸಬಾರದೆಂದು 113ನೇ ಕಲಂ ಹೇಳುತ್ತದೆ. ಪ್ರವಾಸಕ್ಕೆ ಹಾಕಿ ತೆಗೆಯುವ ಕ್ಯಾರಿಯರ್ 'ಸಾಮಾನ್ಯವಾಗಿ ಬಳಸುವ' ಸಲಕರಣೆಯಲ್ಲ ಎಂದು ವಾದಿಸಬಹುದು. ವರ್ಷವಿಡೀ ನೆತ್ತಿಯ ಮೇಲೆ ತುಕ್ಕು ಹಿಡಿಯುತ್ತಾ ಕೂತದ್ದಕ್ಕೆ ಆ ವಾದ ಸೋಲುತ್ತದೆ. ಮೇಲ್ಛಾವಣಿಗೆ ಡ್ರಿಲ್ ಹಾಕಿ ಬೋಲ್ಟ್ ಬಿಗಿಸಿದರೆ, ಇಲ್ಲವೇ ವೆಲ್ಡಿಂಗ್ ಮಾಡಿಸಿದರೆ, 'ಇದು ಬರೀ ಆಕ್ಸೆಸರಿ' ಎಂಬ ವಾದವೂ ಕೈಬಿಡುತ್ತದೆ. ಹೊಸ ಕಾರುಗಳಲ್ಲಿ ಕರ್ಟನ್ ಏರ್‌ಬ್ಯಾಗು ಇರುವುದು ಛಾವಣಿಯ ಅಂಚಿನಲ್ಲೇ. ಅಲ್ಲಿ ತೂತು ಕೊರೆದವನು ಮಳೆನೀರಿಗೆ ದಾರಿ ಮಾಡಿದ್ದು ಸಾಲದೆಂದು ಜೀವ ಕಾಯುವ ಸಾಧನಕ್ಕೂ ಕೈ ಹಾಕಿರುತ್ತಾನೆ. 'ಎರಡೇ ತೂತು ಸಾರ್, ಸಿಲಿಕಾನ್ ಹಚ್ಚಿಕೊಡ್ತೀನಿ' ಎನ್ನುವ ಅಂಗಡಿಯಿಂದ ಹಾಗೇ ಎದ್ದು ಬನ್ನಿ.

ಕ್ಯಾರಿಯರ್ ಆಯ್ಕೆಯ ವಿಚಾರದಲ್ಲೂ ಕಾನೂನಿನ ಸಾಕ್ಷ್ಯ ಇರುವುದು ಕಾರಿನೊಳಗೇ, ಗ್ಲವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಮಲಗಿರುವ ಮಾಲೀಕರ ಕೈಪಿಡಿಯಲ್ಲಿ. ಛಾವಣಿ ಹೊರಬಹುದಾದ ತೂಕ ಅಲ್ಲಿ ಬರೆದಿದ್ದರೆ ಅದೇ ನಿಮ್ಮ ಮಿತಿ. ಅದರಲ್ಲಿ ಕ್ಯಾರಿಯರಿನ ತೂಕವೂ ಸೇರಿದೆಯೇ ಎಂದು ಓದಿ, ಸಾಮಾನ್ಯವಾಗಿ ಸೇರಿರುತ್ತದೆ. ಛಾವಣಿಯ ಇಕ್ಕೆಲದಲ್ಲಿ ಕಂಬಿ ಇದೆ ಎಂದಮಾತ್ರಕ್ಕೆ ಕ್ಯಾರಿಯರ್ ಕೂರುತ್ತದೆ ಎಂದೂ ಅಲ್ಲ. ಎಷ್ಟೋ ಕಾರುಗಳ ರೂಫ್ ರೈಲು ಬರೀ ಅಂದಕ್ಕೆ ಅಂಟಿಸಿದ್ದು, ಭಾರ ಹೊರುವುದಿಲ್ಲ. ಕೈಪಿಡಿಯಲ್ಲೇ ಹಾಗೆಂದು ಬರೆದಿರುತ್ತದೆ, ಮಾರಾಟಗಾರ ಹೇಳಿರುವುದಿಲ್ಲ. ಆಮೇಲೆ ಒಟ್ಟು ತೂಕದ ಲೆಕ್ಕ. ಆರ್‌ಸಿಯಲ್ಲಿ ಖಾಲಿ ತೂಕ 1,200 ಕೆಜಿ, ಲೋಡ್ ಸಹಿತ ಒಟ್ಟು ತೂಕ 1,750 ಕೆಜಿ ಎಂದಿದೆ ಎಂದುಕೊಳ್ಳಿ. ಉಳಿದದ್ದು 550 ಕೆಜಿ. ಚಾಲಕ ಸೇರಿ ಏಳು ಜನ, ತಲಾ 65 ಕೆಜಿಯಂತೆ 455. ಇನ್ನುಳಿದ 95ರಲ್ಲಿ ಉಕ್ಕಿನ ಕ್ಯಾರಿಯರಿಗೆ 20 ಕಳೆದರೆ ಎಲ್ಲ ಪೆಟ್ಟಿಗೆ, ಅಕ್ಕಿಮೂಟೆ, ನೀರಿನ ಕ್ಯಾನು ಸೇರಿ 75 ಕೆಜಿ. ಅಷ್ಟೂ ಮೇಲೇರಬಹುದೇ ಎಂಬುದು ಮತ್ತೆ ಕೈಪಿಡಿಯ ಅಂಕಿಯ ಮಾತು. ತೂಕ ಮೀರಿದರೆ 194ನೇ ಕಲಮಿನಲ್ಲಿ 20,000 ರೂಪಾಯಿಯಿಂದ ದಂಡ ಶುರು. ಅನುಮತಿಸಿದ ಮಿತಿ ಮೀರಿ ಸಾಮಾನು ಬದಿಗೆ, ಹಿಂದೆ, ಮುಂದೆ ಚಾಚಿದರೂ ಎತ್ತರ ಹೆಚ್ಚಾದರೂ 194(1ಎ) ಅಷ್ಟೇ ಮೊತ್ತ ಕೇಳುತ್ತದೆ, ಇಳಿಸುವ ಖರ್ಚು ಬೇರೆ. ಅಂದರೆ ಕ್ಯಾರಿಯರಿಗಿಂತ ಅದರ ಮೇಲಿನ ಹೊರೆಯೇ ದುಬಾರಿ ಅಪರಾಧ. ಮಕ್ಕಳನ್ನು ಮೇಲೆ ಕೂರಿಸಿ ಊರ ಜಾತ್ರೆಯಲ್ಲಿ ಒಂದು ಸುತ್ತು ಹೊಡೆಯುವುದನ್ನೂ 123ನೇ ಕಲಂ ನಿಷೇಧಿಸಿದೆ.

ವೈಟ್ ಬೋರ್ಡ್ ಕಾರಿನಲ್ಲಿ ಸಾಮಾನು ಸಾಗಿಸಿದರೆ ಪರ್ಮಿಟ್ ಬೇಕೆಂದು ಹೆದರಿಸುವವರೂ ಇದ್ದಾರೆ. ಕಾಯ್ದೆಯ 2(13)ನೇ ಕಲಂ 'ಸರಕು' ಎಂಬುದನ್ನು ವಿವರಿಸುವಾಗ ಮೋಟಾರು ಕಾರಿನಲ್ಲಿ ಒಯ್ಯುವ ಲಗೇಜು ಮತ್ತು ಸ್ವಂತ ಬಳಕೆಯ ವಸ್ತುಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಮಗಳನ್ನು ಹಾಸ್ಟೆಲಿಗೆ ಬಿಡಲು ಹಾಸಿಗೆ, ಟ್ರಂಕು ಹೇರಿದ್ದು ಸರಕಲ್ಲ. ಅಡಿಕೆ ಮೂಟೆ ಹೇರಿಕೊಂಡು ಮಂಡಿಗೆ ಹೊರಟರೆ ಮಾತ್ರ ಈ ರಕ್ಷಣೆ ನೆಚ್ಚಿಕೊಳ್ಳಬೇಡಿ, ಬಾಡಿಗೆ ಪಡೆದು ಬೇರೆಯವರದ್ದು ಸಾಗಿಸಿದರಂತೂ ಇಲ್ಲವೇ ಇಲ್ಲ. ಯೆಲ್ಲೋ ಬೋರ್ಡ್ ಗಾಡಿಯದು ಬೇರೆಯೇ ಕಥೆ. ಅದಕ್ಕೆ ಎಫ್‌ಸಿ ಪರಿಶೀಲನೆ ಇದೆ, ಪರ್ಮಿಟ್ಟಿನ ಷರತ್ತುಗಳಿವೆ. ಈ ಲೇಖನದ ಮಾತನ್ನು ಅದಕ್ಕೆ ಅನ್ವಯಿಸಿಕೊಳ್ಳಬೇಡಿ.

ಈಗ ಜನ ನಿಜವಾಗಿ ಮುಳುಗುವ ಜಾಗಕ್ಕೆ ಬರೋಣ. ಕಾರಿನ ವಿಮೆಯಲ್ಲಿ ಎರಡು ಭಾಗ. ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿ ಥರ್ಡ್ ಪಾರ್ಟಿ ಭಾಗ. ಅಲ್ಲಿ ಕಂಪನಿ ಎತ್ತಬಹುದಾದ ಆಕ್ಷೇಪಗಳನ್ನು ಕಾಯ್ದೆಯೇ ಬೆರಳೆಣಿಕೆಗೆ ಇಳಿಸಿದೆ, ಕ್ಯಾರಿಯರ್ ನೆಪದಲ್ಲಿ ನುಣುಚಿಕೊಳ್ಳುವುದು ಸುಲಭವಲ್ಲ. ನಿಮ್ಮದೇ ಗಾಡಿಯ ರಿಪೇರಿ ಎರಡನೆಯ ಭಾಗ, ಅದು ಪೂರ್ತಿ ಒಪ್ಪಂದದ ಮಾತು. ಗಾಡಿ ಮಗುಚಿದೆ, ರಿಪೇರಿ ಅಂದಾಜು ನಾಲ್ಕು ಲಕ್ಷ ಎಂದಿಟ್ಟುಕೊಳ್ಳಿ. ಸರ್ವೇಯರ್ ವರದಿಯಲ್ಲಿ 'ಅನಧಿಕೃತ ಮಾರ್ಪಾಡು, ಕಂಪನಿಗೆ ತಿಳಿಸಿಲ್ಲ' ಎಂಬ ಒಂದು ಸಾಲು ಬಂದರೆ ಕ್ಲೇಮು ತಿರಸ್ಕಾರವಾಗಬಹುದು, ಇಲ್ಲವೇ ಅರ್ಧಕ್ಕೆ ಇಳಿಯಬಹುದು. ಆಗ ಮಾಲೀಕರು ಏನು ತೋರಿಸುತ್ತಾರೆ? ಬಿಲ್ಲಿಲ್ಲ, ಏಕೆಂದರೆ ಅಂಗಡಿಯವನು ಜಿಎಸ್‌ಟಿ ಉಳಿಸಿಕೊಡುತ್ತೇನೆ ಎಂದಿದ್ದ. ತಯಾರಕರ ಪಾರ್ಟ್ ನಂಬರ್ ಇಲ್ಲ. ಕಂಪನಿಗೆ ಒಂದು ಸಾಲಿನ ಇಮೇಲನ್ನೂ ಕಳಿಸಿಲ್ಲ. ಪಾಲಿಸಿಯ ಮೊದಲ ಪುಟದಲ್ಲಿ ಗಾಡಿಯ ಬೆಲೆಯ ಪಕ್ಕದಲ್ಲೇ 'ನಾನ್-ಎಲೆಕ್ಟ್ರಿಕಲ್ ಆಕ್ಸೆಸರೀಸ್' ಎಂಬ ಕಾಲಂ ಇರುತ್ತದೆ. ಬಹುತೇಕರ ಪಾಲಿಸಿಯಲ್ಲಿ ಅಲ್ಲಿ ಸೊನ್ನೆ. ಆ ಸೊನ್ನೆಯನ್ನು ತುಂಬಿಸುವುದೇ ನೀವು ಮಾಡಬೇಕಾದ ಮುಖ್ಯ ಕೆಲಸ. ಕ್ಯಾರಿಯರ್ ಕೊಂಡ ವಾರದೊಳಗೆ ಬಿಲ್ಲಿನ ಪ್ರತಿ, ಕೂರಿಸಿದ ಫೋಟೊ ಸೇರಿಸಿ, ಇದು ಬಿಚ್ಚಬಹುದಾದ ಕ್ಯಾರಿಯರ್, ಕೊರೆತ ವೆಲ್ಡಿಂಗ್ ಇಲ್ಲ, ಪಾಲಿಸಿಯಲ್ಲಿ ಸೇರಿಸಿ ಎಂದು ಕಂಪನಿಯ ಅಧಿಕೃತ ವಿಳಾಸಕ್ಕೆ ಇಮೇಲ್ ಕಳಿಸಿ. ಏಜೆಂಟನ ವಾಟ್ಸ್ಆ್ಯಪಿಗೆ ಕಳಿಸಿದ್ದು ಸಾಲದು. ಕ್ಲೇಮಿನ ದಿನ ಆ ಏಜೆಂಟ್ ಫೋನೇ ಎತ್ತುವುದಿಲ್ಲ.

'ಹೇಳಿದರೆ ಪ್ರೀಮಿಯಂ ಏರಿಸುತ್ತಾರೆ, ಬೇಡವೆಂದರೂ ಎನ್ನಬಹುದು, ಸುಮ್ಮನಿರುವುದೇ ಜಾಣತನ' ಎಂಬ ಆಕ್ಷೇಪ ಬರುತ್ತದೆ. ಪ್ರೀಮಿಯಂ ಏರಿದರೂ ಕೆಲವು ಸಾವಿರದ ವಸ್ತುವಿನ ಮೇಲಿನ ಏರಿಕೆ ಎಷ್ಟಿದ್ದೀತು? ಬೇಡ ಎಂದರೆ ಇನ್ನೂ ಒಳ್ಳೆಯದು, ಆ ಉತ್ತರ ಅಪಘಾತಕ್ಕೆ ಮೊದಲೇ ಸಿಕ್ಕಿತು. ಉತ್ತರವೇ ಬರದಿದ್ದರೆ? ಸಾಮಾನ್ಯವಾಗಿ ಬರುವುದಿಲ್ಲ. ಆಗಲೂ 'ನಮಗೆ ತಿಳಿಸಿರಲಿಲ್ಲ' ಎಂಬ ಸಾಲನ್ನು ಅವರು ಬರೆಯಲಾರರು. ಊರಲ್ಲಿ ಎಲ್ಲರ ಗಾಡಿಯ ಮೇಲೂ ಇದೆಯಲ್ಲ ಎಂಬುದು ಮತ್ತೊಂದು ಮಾತು. ಅದು ಪೊಲೀಸರೆದುರು ಅಷ್ಟಿಷ್ಟು ನಡೆದೀತು, ವಿಮಾ ಕಂಪನಿಯೆದುರು ಪಕ್ಕದ ಮನೆಯವರ ಕಾರು ಸಾಕ್ಷ್ಯವಾಗುವುದಿಲ್ಲ.

ತಿಳಿಸದೆಯೇ ಅಪಘಾತವಾಗಿದ್ದರೆ ಎಲ್ಲ ಮುಗಿಯಿತೆಂದೂ ಅಲ್ಲ. ಹಾಸನ ಮೂಲದ ಬಿ.ವಿ. ನಾಗರಾಜು ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್, ಲಾರಿಯಲ್ಲಿ ಹೆಚ್ಚು ಜನರಿದ್ದದ್ದು ಅಪಘಾತಕ್ಕೆ ಕಾರಣವಾಗಿರದಿದ್ದರೆ ಅದೊಂದೇ ನೆಪದಲ್ಲಿ ಕ್ಲೇಮು ನಿರಾಕರಿಸುವಂತಿಲ್ಲ ಎಂದಿತು. 2010ರ ಅಮಲೇಂದು ಸಾಹೂ ತೀರ್ಪು ಷರತ್ತು ಮುರಿದ ಪ್ರಕರಣದಲ್ಲೂ ಪೂರ್ತಿ ಕೈತೊಳೆದುಕೊಳ್ಳದೆ ಶೇ. 75ರವರೆಗೆ ಕೊಡುವ ದಾರಿ ತೋರಿಸಿತು. ಹಾಗಾಗಿ ಹಿಂದಿನಿಂದ ಬಂದ ಲಾರಿ ಗುದ್ದಿದ್ದಕ್ಕೂ ಛಾವಣಿಯ ಕ್ಯಾರಿಯರಿಗೂ ಏನು ಸಂಬಂಧ ಎಂದು ಬರವಣಿಗೆಯಲ್ಲಿ ಕೇಳಿ. ಗಾಡಿ ತಿರುವಿನಲ್ಲಿ ಮಗುಚಿದ್ದರೆ, ಮೇಲೆ ಎರಡು ಕ್ವಿಂಟಲ್ ಇದ್ದಿದ್ದರೆ, ಸಂಬಂಧ ಅವರಿಗೇ ಸಿಗುತ್ತದೆ. 'ಅಂತಿಮ ಒಪ್ಪಿಗೆ' ವೋಚರಿಗೆ ಸಹಿ ಹಾಕಿದರಷ್ಟೇ ದುಡ್ಡು ಎಂದು ಒತ್ತಾಯಿಸಿದರೆ, ಸಹಿಯ ಮೇಲೆ 'ಆಕ್ಷೇಪಣೆಯೊಂದಿಗೆ' ಎಂದು ಬರೆಯಿರಿ, ಅದೇ ದಿನ ಇಮೇಲಿನಲ್ಲೂ ತಿಳಿಸಿ. ಬರೀ ಸಹಿ ಹಾಕಿ ಬಂದು ಆರು ತಿಂಗಳ ನಂತರ ಒತ್ತಾಯವಿತ್ತು ಎಂದರೆ ಸಾಬೀತು ಮಾಡುವ ಹೊರೆ ನಿಮ್ಮದಾಗುತ್ತದೆ.

ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಜಾಗವೂ ಇಲ್ಲ. ನನ್ನ ವೃತ್ತಿಬಾಂಧವರಿಗೆ ಬೇಸರವಾದರೂ ನಿಮಗದು ಲಾಭವೇ. ಆದರೆ ಅದೇ ವಿಷಯ ಗ್ರಾಹಕರ ಆಯೋಗದಲ್ಲಿದ್ದರೆ ಒಂಬುಡ್ಸ್‌ಮನ್ ಮುಟ್ಟುವುದಿಲ್ಲ, ಆದ್ದರಿಂದ ಮೊದಲ ಹೆಜ್ಜೆ ಯೋಚಿಸಿ ಇಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷ ಅವಧಿ, ನೀವು ಕೊಟ್ಟ ಬೆಲೆ ಅಥವಾ ಪ್ರೀಮಿಯಂ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಹೇಳದೆ ಕೇಳದೆ ಕೊರೆದು ನೀರು ಸೋರುವಂತೆ ಮಾಡಿದ ಆಕ್ಸೆಸರಿ ಅಂಗಡಿಯ ಮೇಲೂ ಇಲ್ಲಿಗೇ ಬರಬಹುದು, ಬಿಲ್ಲಿದ್ದರೆ.

ವೋಚರಿನಂತೆ ಚಲನ್ ಹೆಸರಿನಲ್ಲೂ ಓದದೆ ಒಪ್ಪಿಕೊಳ್ಳುವ ಬಲೆ ಇದೆ. ದಾರಿಯಲ್ಲಿ ತಡೆದವರು ಯಾವ ಕಲಂ ಎಂದು ಹೇಳದೆ ಮೊತ್ತ ಮಾತ್ರ ಹೇಳುತ್ತಾರೆ. ರಶೀದಿ ಬೇಡವೆಂದರೆ ಅರ್ಧಕ್ಕೆ ಮುಗಿಸುವ ಸೌಜನ್ಯವೂ ಕೆಲವರಲ್ಲಿದೆ. ರಶೀದಿ ಕೇಳಿ, ಅದರಲ್ಲಿ ಕಲಂ ಓದಿ. 182ಎ(4) ಎಂದು ಬರೆದು ನೀವು ತೆಪ್ಪಗೆ ಕಟ್ಟಿದರೆ, ಅದು ಶಿಕ್ಷೆಯ ತೀರ್ಪಲ್ಲದಿದ್ದರೂ 'ಮಾರ್ಪಾಡು ಒಪ್ಪಿಕೊಂಡಿದ್ದಾರೆ' ಎಂದು ವಿಮಾ ಕಂಪನಿಯ ವಕೀಲರು ಎತ್ತಿ ಹಿಡಿಯುವ ಕಾಗದವಾಗುತ್ತದೆ. 2023ರ ಫೆಬ್ರವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ಕಟ್ಟಿದರು. ಆ ಸಾಲಿನಲ್ಲಿ ಕಲಂ ಓದಿದವರು ಎಷ್ಟು ಮಂದಿಯೋ. ದಂಡ ಕಟ್ಟದೆ ಕೋರ್ಟಿನಲ್ಲಿ ಉತ್ತರಿಸುತ್ತೇನೆ ಎನ್ನುವ ಹಕ್ಕು ನಿಮಗಿದೆ. ಕ್ಯಾರಿಯರಿಗಾಗಿ ಗಾಡಿ ಸೀಜ್ ಮಾಡುತ್ತೇನೆ ಎಂಬ ಬೆದರಿಕೆಗೆ 207ನೇ ಕಲಮಿನಲ್ಲಿ ಆಧಾರವಿಲ್ಲ, ಅದು ಇರುವುದು ಲೈಸೆನ್ಸ್, ನೋಂದಣಿ, ಪರ್ಮಿಟ್ ದೋಷಗಳಿಗೆ. ಮುಂಭಾಗದ ಬುಲ್ ಬಾರ್ ವಿಷಯ ಇದರೊಂದಿಗೆ ಬೆರೆಸಬೇಡಿ: ಅದರ ವಿರುದ್ಧ ಕ್ರಮಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ, ಅದನ್ನು ತೆಗೆಸುವುದೇ ಕ್ಷೇಮ.

ಆರ್‌ಟಿಓ ಗೇಟಿನ ಬ್ರೋಕರ್ 'ಕ್ಯಾರಿಯರಿಗೆ ಪರ್ಮಿಷನ್ ಮಾಡಿಸಿಕೊಡ್ತೀನಿ' ಎಂದರೆ ಯಾವ ನಿಯಮ, ಯಾವ ನಮೂನೆ, ಸರ್ಕಾರಿ ಶುಲ್ಕದ ರಶೀದಿ ಎಲ್ಲಿ ಎಂದು ಕೇಳಿ. ಮಾತು ಅಲ್ಲಿಗೇ ನಿಲ್ಲುತ್ತದೆ. ಅನುಮಾನ ಉಳಿದರೆ 10 ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. 'ಕ್ಯಾರಿಯರ್ ಹಾಕಬಹುದೇ' ಎಂದು ಕೇಳಿದರೆ ಅಭಿಪ್ರಾಯ ಕೊಡಲು ಬರುವುದಿಲ್ಲ ಎಂದು ಹಿಂದಿರುಗಿಸುತ್ತಾರೆ. ಖಾಸಗಿ ಕಾರಿನ ಕ್ಯಾರಿಯರ್ ಕುರಿತು ಕಚೇರಿಯಲ್ಲಿರುವ ಸುತ್ತೋಲೆಗಳ ದೃಢೀಕೃತ ಪ್ರತಿ ಕೊಡಿ ಎಂದು ಬರೆಯಿರಿ. 30 ದಿನದಲ್ಲಿ ಪ್ರತಿಯೋ, 'ಯಾವುದೂ ಇಲ್ಲ' ಎಂಬ ಉತ್ತರವೋ ಬಂದರೆ, ಅದನ್ನು ಆರ್‌ಸಿ, ಬಿಲ್ಲು, ಇಮೇಲಿನ ಪ್ರತಿಯ ಜತೆ ಗ್ಲವ್ ಬಾಕ್ಸಿನಲ್ಲಿಡಿ. ಹಳೆ ಗಾಡಿಯನ್ನು ಕ್ಯಾರಿಯರ್ ಸಮೇತ ಕೊಳ್ಳುವವರು ಮಾತ್ರ ಇದಕ್ಕೆಲ್ಲ ಮೊದಲು ಏಣಿ ಹತ್ತಿ ತೂತಿದೆಯೇ ಎಂದು ನೋಡಿಕೊಳ್ಳಬೇಕು. ಇದ್ದರೆ ಅದನ್ನು ಯಾರು ಕೊರೆಸಿದ್ದು ಎಂಬುದನ್ನು ಮಾರಾಟ ಪತ್ರದಲ್ಲೇ ಬರೆಸಿಕೊಳ್ಳಬೇಕು, ಏಕೆಂದರೆ ಮುಂದಿನ ಚಲನ್ ಬರುವುದು ಹೊಸ ಮಾಲೀಕರ ಹೆಸರಿಗೆ.