ದಾರಿಹೋಕನ ರಕ್ಷೆ

ಯಾದಗಿರಿ ಜಿಲ್ಲೆಯಲ್ಲಿ ಹತ್ತಿ ಬಿಡಿಸುವ ಕಾಲ ಬಂದಿತೆಂದರೆ ಶಹಾಪುರ, ಸುರಪುರಗಳ ರಸ್ತೆಗಳು ನಸುಕಿನಲ್ಲಿಯೇ ಎಚ್ಚರಗೊಳ್ಳುತ್ತವೆ. ಹತ್ತಿಯ ಅಂಡಿಗೆಗಳನ್ನು ಹೇರಿದ ಲಾರಿಗಳು, ಟ್ರ್ಯಾಕ್ಟರುಗಳು, ಕಾರುಗಳು ಒಂದೇ ದಾರಿಯಲ್ಲಿ ಸಾಗುತ್ತವೆ. ಅದೇ ದಾರಿಯ ಅಂಚಿನಲ್ಲಿ ಕೂಲಿಗೆ ಹೋಗುವ ಹೆಂಗಸರೂ ಶಾಲೆಗೆ ಹೋಗುವ ಮಕ್ಕಳೂ ನಡೆಯುತ್ತಾರೆ. ದುಡಿಯುವ ಒಬ್ಬರಿಗೆ ವಾಹನ ಬಡಿದು ಪ್ರಾಣ ಹೋದರೆ ಆ ಮನೆಯ ಗತಿಯೇನು? ಈ ಪ್ರಶ್ನೆಗೆ ಸಮಾಜವು ಕಂಡುಕೊಂಡ ಉತ್ತರವೇ ವಾಹನ ವಿಮೆ.

ವಿಮೆಯ ತತ್ತ್ವ ಸರಳವಾದುದು. ಅನೇಕರು ಸ್ವಲ್ಪ ಸ್ವಲ್ಪ ಹಣವನ್ನು ಒಂದೆಡೆ ಕೂಡಿಸುತ್ತಾರೆ. ಆಪತ್ತು ಒದಗಿದಾಗ ಆ ನಿಧಿಯಿಂದ ಪರಿಹಾರ ಸಲ್ಲುತ್ತದೆ. ಹೀಗೆ ಕೂಡಿಸುವ ಹಣಕ್ಕೆ ವಿಮಾ ಕಂತು ಎಂದು ಹೆಸರು. ಬ್ರಿಟನ್ ದೇಶವು 1930ರ ಕಾನೂನಿನಿಂದ ವಾಹನಗಳಿಗೆ ವಿಮೆಯನ್ನು ಕಡ್ಡಾಯಗೊಳಿಸಿತು. ಬ್ರಿಟಿಷ್ ಆಡಳಿತದ ಭಾರತದಲ್ಲಿ ಈ ನಿಯಮ 1946ರ ಜುಲೈ 1ರಂದು ಜಾರಿಗೆ ಬಂದಿತು. ಈಗ 1988ರ ಮೋಟಾರು ವಾಹನಗಳ ಅಧಿನಿಯಮದ 146ನೆಯ ಕಲಮು ಇದನ್ನು ವಿಧಿಸುತ್ತದೆ. ವಿಮೆಯಿಲ್ಲದೆ ವಾಹನ ನಡೆಸಿದವರಿಗೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಬಹುದು.

ಕಡ್ಡಾಯವಾದುದು ಮೂರನೆಯ ವ್ಯಕ್ತಿಯ ವಿಮೆ. ವಾಹನದ ಮಾಲೀಕ ಮೊದಲನೆಯವನು. ವಿಮಾ ಕಂಪನಿ ಎರಡನೆಯದು. ಅಪಘಾತಕ್ಕೆ ಈಡಾದ ಹೊರಗಿನವನೇ ಮೂರನೆಯವನು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯು ಮೃತನ ವಯಸ್ಸು, ಸಂಪಾದನೆ, ಅವನನ್ನು ನಂಬಿದವರ ಸಂಖ್ಯೆ ಇವುಗಳನ್ನು ಪರಿಶೀಲಿಸಿ ಪರಿಹಾರವನ್ನು ಗೊತ್ತುಪಡಿಸುತ್ತದೆ. ವಿಮೆ ಇಲ್ಲದಿದ್ದರೆ ಆ ಹಣವನ್ನು ಮಾಲೀಕನೇ ತೆರಬೇಕು. ಅವನು ಬಡವನಾದರೆ ಹೊಲಮನೆಗಳನ್ನು ಮಾರಬೇಕಾದೀತು; ಆದರೂ ನೊಂದ ಕುಟುಂಬಕ್ಕೆ ಪೂರ್ತಿ ಹಣ ದೊರೆಯದೆ ಹೋಗಬಹುದು.

“ನಾನು ಎಚ್ಚರದಿಂದ ಓಡಿಸುತ್ತೇನೆ, ನನಗೇಕೆ ಈ ವೆಚ್ಚ?” ಎಂದು ಕೆಲವರು ಕೇಳುವುದುಂಟು. ಎಷ್ಟೇ ಎಚ್ಚರವಿದ್ದರೂ ಒಮ್ಮೆ ಟೈರು ಸಿಡಿಯಬಹುದು, ಒಮ್ಮೆ ಎತ್ತು ಅಡ್ಡ ಬರಬಹುದು. ಆದುದರಿಂದ ಈ ಕಂತು ಚಾಲಕನ ಜಾಣ್ಮೆಯನ್ನು ನೋಡುವುದಿಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ, 1,000 ಸಿ.ಸಿ. ಮೀರದ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿ.ಸಿ. ಮೀರಿದ ಕಾರಿಗೆ 7,897 ರೂಪಾಯಿ. ಎಚ್ಚರಿಕೆಗೆ ಪ್ರತಿಫಲ ದೊರೆಯುವುದು ಬೇರೆ ಕಡೆ. ತನ್ನ ವಾಹನದ ಹಾನಿಗೂ ವಿಮೆ ಮಾಡಿಸಿದವನು ಒಂದು ವರ್ಷ ಪರಿಹಾರ ಕೇಳದಿದ್ದರೆ ಆ ಭಾಗದ ಕಂತಿನಲ್ಲಿ ಶೇಕಡಾ 20ರಷ್ಟು ರಿಯಾಯಿತಿ ಸಿಗುತ್ತದೆ. ಸತತ ಐದು ವರ್ಷ ಕೇಳದಿದ್ದರೆ ಅದು ಶೇಕಡಾ 50ಕ್ಕೆ ಏರುತ್ತದೆ.

ವಿಮೆ ಇದ್ದ ಮಾತ್ರಕ್ಕೆ ಎಲ್ಲರಿಗೂ ರಕ್ಷೆ ಇದೆಯೆಂದು ಭಾವಿಸಬಾರದು. ನಮ್ಮ ಭಾಗದಲ್ಲಿ ಕೂಲಿಕಾರರನ್ನು ಸರಕು ಸಾಗಿಸುವ ವಾಹನಗಳಲ್ಲಿ ಕೂಡಿಸಿಕೊಂಡು ಹೋಗುವುದನ್ನು ಕಾಣುತ್ತೇವೆ. ಸರಕಿನ ವಾಹನದ ವಿಮೆ ಸರಕಿನೊಡೆಯನಿಗೆ ಅಥವಾ ಅವನ ಪ್ರತಿನಿಧಿಗೆ ಅನ್ವಯಿಸುತ್ತದೆ. ಹಾಗೆಯೇ ಹತ್ತಿಸಿಕೊಂಡ ಪ್ರಯಾಣಿಕರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟಪಡಿಸಿದೆ. ಉಳಿತಾಯವೆಂದು ಮಾಡಿದ ಆ ಪಯಣದಲ್ಲಿ ಅಪಘಾತವಾದರೆ, ನೊಂದವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾದೀತು.

ಕಾರು ನಡೆಸುವ ವಯಸ್ಸು ವಿದ್ಯಾರ್ಥಿಗಳಿಗೆ ಇನ್ನೂ ಬಂದಿಲ್ಲ. ಅದಕ್ಕೆ ಹದಿನೆಂಟು ತುಂಬಬೇಕು. ಆದರೆ ಓದಲು ನೀವು ಬಲ್ಲಿರಿ. ಮನೆಯಲ್ಲಿ ವಾಹನವಿದ್ದರೆ ಅದರ ವಿಮಾಪತ್ರವನ್ನು ತೆರೆದು, ಅವಧಿ ಮುಗಿಯುವ ದಿನಾಂಕವನ್ನು ಹಿರಿಯರಿಗೆ ಓದಿ ಹೇಳಿರಿ. ಆ ಕಾಗದದಲ್ಲಿ ಹೆಸರು ಕಾಣದ ಒಬ್ಬ ದಾರಿಹೋಕನ ಮನೆಯ ಅನ್ನ ಅಡಗಿದೆ ಎಂಬುದನ್ನು ಮರೆಯದಿರಿ.